ಸಹಾಯ ಬೇಕು: ನಿಮ್ನ ದರ್ಪಣದ ಲೆಕ್ಕದಲ್ಲಿ ಪ್ಲಸ್ಸೋ ಮೈನಸ್ಸೋ?

ಎಲ್ಲರಿಗೂ ನಮಸ್ಕಾರ. ತಮ್ಮ ಈ ಸಲ ಎಸ್ಸೆಸ್ಸೆಲ್ಸಿ, ಕನ್ನಡ ಮಾಧ್ಯಮ. ಸಂಜೆ ನಾನೇ ಕೂರಿಸಿಕೊಂಡು ವಿಜ್ಞಾನ ರಿವಿಷನ್ ಮಾಡಿಸ್ತಿದೀನಿ. ರಸಾಯನಶಾಸ್ತ್ರದಲ್ಲಿ ಸಮೀಕರಣ ಸರಿದೂಗಿಸೋದು ಬಂತು, ಜೀವಶಾಸ್ತ್ರದಲ್ಲಿ ಹೃದಯ, ನೆಫ್ರಾನ್ ಚಿತ್ರ ನೋಡದೇ ಬರೀತಾನೆ. ಭೌತಶಾಸ್ತ್ರದ ಬೆಳಕಿನ ಪಾಠದಲ್ಲಿ ಮಾತ್ರ ಮೂರು ದಿನದಿಂದ ಸಿಕ್ಕಿಹಾಕಿಕೊಂಡಿದೀವಿ.

ಲೆಕ್ಕ ಇದು: ನಿಮ್ನ ದರ್ಪಣದ (ಒಳಕ್ಕೆ ಬಾಗಿದ ಕನ್ನಡಿ) ಸಂಗಮದೂರ (ಸಮಾಂತರ ಕಿರಣಗಳು ಬಂದು ಸೇರೋ ಬಿಂದುವಿಗೆ ಕನ್ನಡಿಯಿಂದ ಇರೋ ದೂರ) 15 ಸೆಂ.ಮೀ., ವಸ್ತು 10 ಸೆಂ.ಮೀ. ದೂರದಲ್ಲಿದೆ. ಪುಸ್ತಕದ ಪ್ರಕಾರ ಎರಡಕ್ಕೂ ಮೈನಸ್ ಹಾಕಿದರೆ ಪ್ರತಿಬಿಂಬದ ದೂರ +30 ಬರುತ್ತೆ. ಅಂದ್ರೆ ಕನ್ನಡಿಯ ಹಿಂದೆ, ಮಿಥ್ಯ ಪ್ರತಿಬಿಂಬ (ಪರದೆ ಮೇಲೆ ಹಿಡಿಯೋಕೆ ಆಗದ್ದು). ಅಪ್ಪ ತಾವು ಕಲಿತ ಹಾಗೆ ಎರಡನ್ನೂ ಪ್ಲಸ್ ಇಟ್ಟು ಮಾಡಿದರು, −30 ಬಂತು. ಅವರೂ ಮಿಥ್ಯ ಅಂತಲೇ ಹೇಳ್ತಾರೆ! ವರ್ಧನೆ (ಪ್ರತಿಬಿಂಬ ವಸ್ತುವಿನ ಎಷ್ಟು ಪಟ್ಟು ಅನ್ನೋದು) ಎರಡರಲ್ಲೂ +3. ಸ್ಕೇಲ್ ಹಿಡಿದು ಕಿರಣಚಿತ್ರ ಬರೆದು ನೋಡಿದ್ವಿ, ಪ್ರತಿಬಿಂಬ ಕನ್ನಡಿಯ ಹಿಂದೆಯೇ, ನೇರವಾಗಿ, ದೊಡ್ಡದಾಗಿ ಬಂತು. ಅಂದ್ರೆ ಉತ್ತರ ಒಂದೇ, ಚಿಹ್ನೆ ಮಾತ್ರ ಉಲ್ಟಾ.

ಇಷ್ಟಕ್ಕೆ ಮುಗೀಲಿಲ್ಲ. ಮಸೂರಕ್ಕೆ ಬಂದರೆ ಪುಸ್ತಕದಲ್ಲೇ +30 ಅಂದ್ರೆ ಸತ್ಯ ಪ್ರತಿಬಿಂಬ (ಪರದೆ ಮೇಲೆ ಹಿಡಿಯಬಹುದಾದ್ದು). "ಅಕ್ಕಾ, ಪ್ಲಸ್ ಅಂದ್ರೆ ಮಿಥ್ಯನಾ ಸತ್ಯನಾ?" ಅಂತ ಅವನು ಕೇಳಿದಾಗ ನನಗೆ ಬಿಡಿಸಿ ಹೇಳೋಕೆ ಆಗಲಿಲ್ಲ. ಪಾಪ, ಈಗ ಬೆಳಕಿನ ಪಾಠ ತೆಗೆದರೇ ಹೆದರ್ತಾನೆ.

ಪಾಠ ಮಾಡೋ ಮೇಷ್ಟ್ರು, ಮೇಡಂ ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ದರ್ಪಣ, ಮಸೂರ ಎರಡಕ್ಕೂ ಹೊಂದೋ ಹಾಗೆ ಚಿಹ್ನೆಯನ್ನ ಮಕ್ಕಳಿಗೆ ಹೇಗೆ ವಿವರಿಸ್ತೀರಿ? ಅಪ್ಪನ ಪದ್ಧತಿಯಲ್ಲಿ ಬರೆದರೆ ಪರೀಕ್ಷೇಲಿ ಅಂಕ ಕೊಡ್ತಾರಾ?