ಸಹಾಯ ಬೇಕು: ಫೋನ್ ಪರದೆಯ ದೋಷ, ಗ್ರಾಹಕ ಆಯೋಗಕ್ಕೆ ದೂರು

ಗುಂಪಿನ ಸದಸ್ಯರಿಗೆಲ್ಲ ನಮಸ್ಕಾರ. ಕಂಪನಿಯೇ ಕಳುಹಿಸಿದ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಕೊಂಡ ಮರುದಿನವೇ ನನ್ನ ಮೊಬೈಲ್ ಫೋನಿನ ಪರದೆಯ ಮೇಲೆ ಉದ್ದಕ್ಕೂ ಹಸಿರು ಗೆರೆಯೊಂದು ಮೂಡಿದೆ. ಫೋನ್ ಕೆಳಗೆ ಬಿದ್ದಿಲ್ಲ, ನೀರು ತಾಗಿಲ್ಲ, ವಾರಂಟಿಯೂ ಮುಗಿದಿಲ್ಲ. ಹಾಗಿದ್ದರೂ ಸರ್ವಿಸ್ ಸೆಂಟರಿನವರು ಒಳಗೆ ತೇವಾಂಶದ ಗುರುತಿದೆ ಎಂದು ಬಾಯಿಮಾತಿನಲ್ಲಿ ಹೇಳಿ, ಪೂರ್ತಿ ಹಣ ಕೊಟ್ಟರೆ ಮಾತ್ರ ಪರದೆ ಬದಲಾಯಿಸುವುದಾಗಿ ತಿಳಿಸಿದರು. ಅದನ್ನೇ ಬರೆದುಕೊಡಿ ಎಂದರೆ ಒಪ್ಪಲಿಲ್ಲ. ಕಸ್ಟಮರ್ ಕೇರ್‌ನಲ್ಲಿ ಯಂತ್ರದ ಧ್ವನಿಯನ್ನು ದಾಟಿ ಮನುಷ್ಯರು ಸಿಗುವುದೇ ಕಷ್ಟ, ಸಿಕ್ಕವರಿಗೂ ಪ್ರತಿ ಸಲ ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಇಮೇಲ್‌ಗೆ ಉತ್ತರವೇನೋ ತಕ್ಷಣ ಬರುತ್ತದೆ (ಕ್ಷಮೆ ಕೇಳುವುದರಲ್ಲಿ ಇವರು ಎಂದೂ ಹಿಂದೆ ಬಿದ್ದವರಲ್ಲ), ಆದರೆ ಅದರಲ್ಲಿ ಪರಿಹಾರವಿರುವುದಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ (ಫೋನ್ ಸಂಖ್ಯೆ 1915) ದೂರು ಕೊಟ್ಟಾಗಲೂ ಕಂಪನಿ ಅದೇ ಉತ್ತರ ಕಳುಹಿಸಿತು. ಸಹಾಯವಾಣಿಗೆ ಆದೇಶ ನೀಡುವ ಅಧಿಕಾರವಿಲ್ಲವಾದ್ದರಿಂದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ನಿರ್ಧರಿಸಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸಿಸುವ ಜಿಲ್ಲೆಯಲ್ಲೇ ಎರಡು ವರ್ಷಗಳೊಳಗೆ ದೂರು ಕೊಡಬಹುದು, ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ ಎಂಬಷ್ಟನ್ನು ಓದಿ ತಿಳಿದಿದ್ದೇನೆ.

ಇಂಥ ದೂರನ್ನು ಸ್ವತಃ ನಡೆಸಿದವರು ಮುಖ್ಯವಾಗಿ ಒಂದು ವಿಷಯ ತಿಳಿಸಬೇಕು: ದೋಷ ತಯಾರಿಕೆಯದ್ದೇ ಎಂದು ತೋರಿಸಲು ತಜ್ಞರ ವರದಿಯನ್ನು ಮೊದಲೇ ಪಡೆದಿರಬೇಕೇ, ಅಥವಾ ಕಾಯ್ದೆಯ 38ನೇ ಸೆಕ್ಷನ್ನಿನಂತೆ ಫೋನನ್ನು ಪ್ರಯೋಗಾಲಯಕ್ಕೆ ಕಳುಹಿಸುವಂತೆ ಆಯೋಗವನ್ನೇ ಕೋರಿದರೆ ಸಾಕೇ? ತಯಾರಕರ ಜೊತೆಗೆ ಮಾರಿದ ಅಂಗಡಿಯನ್ನೂ ಸರ್ವಿಸ್ ಸೆಂಟರನ್ನೂ ಎದುರುದಾರರನ್ನಾಗಿ ಸೇರಿಸುವುದು ಒಳಿತೇ ಎಂಬುದನ್ನೂ ದಯವಿಟ್ಟು ತಿಳಿಸಿ. ಬಿಲ್, ಇಮೇಲ್‌ಗಳು ಮತ್ತು ಪರದೆಯ ವಿಡಿಯೊ ನನ್ನ ಬಳಿ ಇವೆ.