ವಜ್ರಕ್ಕಿಂತ ಗಟ್ಟಿ ಹಲ್ಲು: ನಮ್ಮ ಮೆಕ್ಯಾನಿಕಲ್ ಬ್ಯಾಚ್ ಗುಂಪಿನಲ್ಲಿ ನಡೆದ ಜಗಳ

ಸುರೇಶ್: (ಫಾರ್ವರ್ಡ್) ವಜ್ರಕ್ಕಿಂತ ಗಟ್ಟಿ! ಸಮುದ್ರದ ಲಿಂಪೆಟ್ ಹಲ್ಲಿನಿಂದ ಇನ್ನು ವಿಮಾನ! ಎಲ್ಲರಿಗೂ ಕಳಿಸಿ 🙏

ವೀಣಾ: ವಜ್ರ ಎಲ್ಲಿಂದ ಬಂತೋ? ಲಿಂಪೆಟ್ ಅಂದರೆ ಕಲ್ಲಿಗೆ ಅಂಟಿಕೊಂಡಿರುವ ಬಸವನಹುಳು ಜಾತಿ. ಅದರ ಹಲ್ಲಿನಲ್ಲಿರುವುದು ಗೋಥೈಟ್, ಕಬ್ಬಿಣದ ಖನಿಜ. ಗೀರಿದರೆ ಎಷ್ಟು ತಡೆಯುತ್ತದೆ ಅಂತ ಹೇಳುವ ಮೋಸ್ ಗಟ್ಟಿತನದ ಅಳತೆಯಲ್ಲಿ 5ರಿಂದ 5.5. ವಜ್ರ 10.

ಸುರೇಶ್: ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು 2015ರಲ್ಲಿ ಪರೀಕ್ಷೆ ಮಾಡಿದ್ದಾರೆ. ಸುಮ್ನೆ ಬರೆದದ್ದಲ್ಲ.

ವೀಣಾ: ಅವರು ಅಳೆದದ್ದು ಎಳೆದರೆ ಎಷ್ಟು ತಡೆಯುತ್ತದೆ ಅಂತ. 3ರಿಂದ 6.5 ಗಿಗಾಪ್ಯಾಸ್ಕಲ್. ಕಟ್ಟಡದ ಉಕ್ಕು 0.5ರ ಆಸುಪಾಸು. ದೊಡ್ಡ ಮಾತೇ, ಒಪ್ಪಿದೆ. ಆದರೆ ಬಲ ಬೇರೆ, ಗಟ್ಟಿತನ ಬೇರೆ. ಇದನ್ನೂ ಮರೆತೆಯಾ?

ಸುರೇಶ್: ವಿಮಾನಕ್ಕೆ ಬೇಕಾಗಿರುವುದೂ ಬಲವೇ ಅಲ್ವಾ?

ನಾಗರಾಜ್: ಇಡೀ ಹಲ್ಲೇ 1 ಮಿಲಿಮೀಟರ್‌ಗಿಂತ ಚಿಕ್ಕದು. ಎಳೆದು ನೋಡಿದ ತುಣುಕು ಕೂದಲಿಗಿಂತ ಎಷ್ಟೋ ಪಟ್ಟು ತೆಳು. ತೆಳುವಾದಷ್ಟೂ ಬಿರುಕು ಕಡಿಮೆ, ಬಲ ಜಾಸ್ತಿ. ಗಾಜಿನ ಎಳೆಯಲ್ಲಿ ಎಂಜಿನಿಯರ್ ಗ್ರಿಫಿತ್ 1921ರಲ್ಲೇ ತೋರಿಸಿದ್ದು ಇದನ್ನೇ.

ವೀಣಾ: ಇಲ್ಲಿ ಮಾತ್ರ ನಾನು ಸುರೇಶನ ಕಡೆ. ತುಣುಕಿನ ಉದ್ದ ಬದಲಾದರೂ ಬಲ ಇಳಿಯಲಿಲ್ಲ. ಕೈಟಿನ್ (ಕೀಟಗಳ ಹೊರಚಿಪ್ಪಿನಲ್ಲೂ ಇರುವ ವಸ್ತು) ಒಳಗೆ ಹುದುಗಿದ ಗೋಥೈಟ್ ಎಳೆಗಳು ನ್ಯಾನೋಮೀಟರ್ ಲೆಕ್ಕದವು. ಬಿರುಕು ಬೆಳೆಯಲು ಜಾಗವೇ ಇಲ್ಲ.

ನಾಗರಾಜ್: ಆ ಉದ್ದವೂ ಮೈಕ್ರೋಮೀಟರ್‌ಗಳಲ್ಲೇ. ವಿಮಾನದ ರೆಕ್ಕೆ ಮೀಟರ್‌ಗಟ್ಟಲೆ.

ವೀಣಾ: ಹ್ಞೂಂ. ಅದು ಸರಿ.

ನಾಗರಾಜ್: ನನಗೆ ಹಲ್ಲಿಗಿಂತ ಅದನ್ನು ಹೊತ್ತ ರ್ಯಾಡುಲಾ ಇಷ್ಟ. ನಾಲಿಗೆಯಂಥ ಪಟ್ಟಿ, ಮೇಲೆ ಹಲ್ಲಿನ ಸಾಲುಗಳು. ಕಲ್ಲು ಕೆರೆದು ಪಾಚಿ ತಿನ್ನುವಾಗ ಮುಂದಿನ ಸಾಲು ಸವೆದು ಉದುರುತ್ತದೆ. ಹಿಂದೆ ಹುಟ್ಟಿದ ಹೊಸ ಸಾಲು ಮುಂದಕ್ಕೆ ಸರಿಯುತ್ತದೆ. ಥೇಟ್ ಕನ್ವೇಯರ್ ಬೆಲ್ಟ್. ನಾವು ಸವೆಯದ ಬ್ಲೇಡ್ ಹುಡುಕುತ್ತಾ ಕೂತಿದ್ದೇವೆ. ಅದು ಸವೆದರೆ ಸವೆಯಲಿ ಅಂತ ಕೆಲಸ ಮುಂದುವರಿಸಿದೆ.

ಮಂಜುಳಾ: ಹಾಗಾದರೆ ಸ್ಕ್ವಿಡ್ (ಮೆತ್ತನೆ ಮೈಯ ಸಮುದ್ರಜೀವಿ) ಕೊಕ್ಕನ್ನೂ ನೋಡಿ. ಖನಿಜವೇ ಇಲ್ಲ, ಬರೀ ಕೈಟಿನ್, ಪ್ರೋಟೀನ್, ನೀರು. ಆದರೂ ತುದಿ ಬುಡಕ್ಕಿಂತ ಸುಮಾರು 100 ಪಟ್ಟು ಬಿಗಿ. ಬುಡದ ಕಡೆ ನೀರು ಹೆಚ್ಚುತ್ತಾ ಮೆತ್ತಗಾಗುತ್ತದೆ. ಕತ್ತಿಯಂಥ ತುದಿ ಇದ್ದರೂ ಸ್ವಂತ ಬಾಯನ್ನೇ ಕೊಯ್ದುಕೊಳ್ಳುವುದಿಲ್ಲ.

ವೀಣಾ: ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಸೇರಿಸಿದಾಗ ನಮ್ಮದು ಬಿಟ್ಟುಹೋಗುವುದು ಆ ಜೋಡಣೆಯಲ್ಲೇ. ಕೊಕ್ಕಿನಲ್ಲಿ ಅಂಥ ಜೋಡಣೆಯೇ ಇಲ್ಲ. ಇದು ಫಾರ್ವರ್ಡ್ ಮಾಡುವಂಥದ್ದು.

ಸುರೇಶ್: ಸರಿ, ತಿದ್ದಿದೆ ನೋಡಿ: "ವಜ್ರದಂಥ ಹಲ್ಲು, ಸವೆದರೂ ಮತ್ತೆ ಹುಟ್ಟುತ್ತದೆ! ಎಲ್ಲರಿಗೂ ಕಳಿಸಿ."

ವೀಣಾ: ವಜ್ರ ಬಿಡಲ್ವಲ್ಲೋ ನೀನು 🤦