ಕಲಾಂಚೊ ಎಲೆ ಮಾತ್ರ ಬಿಡುತ್ತಿದೆ, ಹೂವೇ ಇಲ್ಲ

ಕಿಟಕಿಕುಂಡ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಕಲಾಂಚೊ ಇದೆ, ಕಿತ್ತಳೆ ಹೂವಿನದು, ಯಾರೋ ಉಡುಗೊರೆ ಕೊಟ್ಟಿದ್ದು. ಬಂದಾಗ ಅಂಗೈ ಅಗಲದ ಕುಂಡದಲ್ಲಿ ತಲೆ ತುಂಬ ಹೂವಿತ್ತು, ಎರಡು ತಿಂಗಳು ಬಾಡಲೇ ಇಲ್ಲ. ಆಮೇಲೆ ಒಣಗಿತು. ಅಷ್ಟೇ, ಒಂದೂವರೆ ವರ್ಷ ಆಯಿತು, ಒಂದು ಮೊಗ್ಗೂ ಇಲ್ಲ. ಗಿಡ ಸತ್ತಿಲ್ಲ, ಎಲೆ ಹಸಿರಾಗಿ ದಪ್ಪಗೇ ಇದೆ, ಆದರೆ ಕಾಂಡ ಉದ್ದ ಆಗಿ ಒಂದು ಕಡೆ ವಾಲಿಕೊಂಡಿದೆ. ಹೋದ ವಾರದಿಂದ ಬುಡದ ಎರಡು ಮೂರು ಎಲೆ ಹಳದಿ ಆಗಿವೆ, ಮುಟ್ಟಿದರೆ ಪಿಚಕ್ ಅನ್ನುತ್ತವೆ. ದಿನ ಬಿಟ್ಟು ದಿನ ಒಂದು ಲೋಟ ನೀರು ಹಾಕುತ್ತೇನೆ. ಹೂವಿಗೆ ಅಂತ ಒಂದು ಗೊಬ್ಬರದ ಪುಡಿ ಎರಡು ಸಲ ಹಾಕಿದೆ, ಅದಕ್ಕೂ ಎಲೆಯೇ ಬಂತು. ಇದು ಒಂದೇ ಸಲ ಹೂ ಬಿಡುವ ಜಾತಿಯಾ? ಎಸೆದು ಬೇರೆ ತರಬೇಕಾ?

ಮಣ್ಣುಕೈ:
ಎಸೆಯಬೇಡಿ, ಇದು ವರ್ಷ ವರ್ಷ ಹೂ ಬಿಡುವ ಗಿಡವೇ. ಮೊದಲು ನೀರು ನಿಲ್ಲಿಸಿ. ದಿನ ಬಿಟ್ಟು ದಿನ ಒಂದು ಲೋಟ ಅಂದರೆ ಇದಕ್ಕೆ ಪ್ರವಾಹ. ಕಲಾಂಚೊ ಮೂಲ ಮಡಗಾಸ್ಕರ್, ಎಲೆಯಲ್ಲೇ ನೀರು ತುಂಬಿಟ್ಟುಕೊಳ್ಳುವ ಜಾತಿ. ಹಗಲು ಎಲೆಯ ರಂಧ್ರ ಮುಚ್ಚಿಕೊಂಡಿದ್ದು ರಾತ್ರಿ ತೆರೆಯುತ್ತದೆ, ಹಾಗಾಗಿ ನೀರು ಆವಿಯಾಗಿ ಹೋಗುವುದೇ ಕಡಿಮೆ. ನೀವು ಹಾಕಿದ್ದೆಲ್ಲ ಬುಡದಲ್ಲೇ ಕೂತಿದೆ. ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ಪೂರ್ತಿ ಒಣಗಿದ್ದರೆ ಮಾತ್ರ ಹಾಕಿ, ಹಾಕಿದಾಗ ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತಿದ್ದನ್ನು ಚೆಲ್ಲಿ. ಹಳದಿಯಾಗಿ ಮೆತ್ತಗಾದ ಎಲೆ ಅಂದರೆ ನೀರು ಜಾಸ್ತಿ. ತೆಳ್ಳಗಾಗಿ ಸುಕ್ಕಾದ ಎಲೆ ಅಂದರೆ ಬಾಯಾರಿಕೆ. ಆದರೆ ಮಣ್ಣು ಒದ್ದೆ ಇದ್ದೂ ಎಲೆ ಸುಕ್ಕಾಗಿದ್ದರೆ ಬೇರು ಕೊಳೆತಿದೆ ಅಂತ ಲೆಕ್ಕ, ಆಗ ಬಾಯಾರಿಕೆ ಅಂದುಕೊಂಡು ಇನ್ನಷ್ಟು ನೀರು ಹಾಕಿ ಗಿಡ ಸಾಯಿಸುವವರೇ ಜಾಸ್ತಿ. ನಾನೂ ಒಂದು ಸಾಯಿಸಿದ್ದೇನೆ.

ಹಿತ್ತಲಬಾಗಿಲು:
ನೀರಿನ ವಿಷಯ ಸರಿ. ಹೂವಿನ ವಿಷಯಕ್ಕೆ ಒಂದೇ ಪ್ರಶ್ನೆ. ರಾತ್ರಿ ಗಿಡ ಎಲ್ಲಿರುತ್ತದೆ?

ಕಿಟಕಿಕುಂಡ:
ಹಾಲ್‌ನಲ್ಲಿ, ಕಿಟಕಿ ಪಕ್ಕದ ಸ್ಟ್ಯಾಂಡ್ ಮೇಲೆ. ಬೆಳಗ್ಗೆ ಒಳ್ಳೆ ಬಿಸಿಲು ಬರುತ್ತದೆ. ರಾತ್ರಿ ಅಲ್ಲೇ ಇರುತ್ತದೆ, ಯಾಕೆ? ಹನ್ನೊಂದರ ತನಕ ಟೀವಿ ನೋಡುತ್ತೇವೆ, ಟ್ಯೂಬ್‌ಲೈಟ್ ಅದರ ತಲೆ ಮೇಲೇ ಇದೆ.

ಹಿತ್ತಲಬಾಗಿಲು:
ಸಿಕ್ಕಿತಲ್ಲ ಕಳ್ಳ! ಗೊಬ್ಬರ ಅಲ್ಲ, ಟ್ಯೂಬ್‌ಲೈಟು.

ಕಲಾಂಚೊ ಮೊಗ್ಗು ಕಟ್ಟಲು ಬಿಸಿಲಿನಷ್ಟೇ ಕತ್ತಲೆಯೂ ಬೇಕು, ಅದೂ ಉದ್ದ ಕತ್ತಲೆ. ದಿನಕ್ಕೆ ಸುಮಾರು 14 ಗಂಟೆ, ಮಧ್ಯದಲ್ಲಿ ತಡೆ ಇಲ್ಲದ ಹಾಗೆ, ಆರು ವಾರ. ರಾತ್ರಿ ಎಷ್ಟು ಉದ್ದ ಅಂತ ಗಿಡ ಎಲೆಯಲ್ಲಿ ಅಳೆಯುತ್ತದೆ. ನಿಮ್ಮ ಹಾಲ್‌ನಲ್ಲಿ ಅದಕ್ಕೆ ರಾತ್ರಿ ಶುರುವಾಗುವುದೇ ಹನ್ನೊಂದಕ್ಕೆ, ಆರೂವರೆಗೆ ಬೆಳಗಾಯಿತು, ಅಂದರೆ ಏಳೂವರೆ ಗಂಟೆ. ಅದರ ಲೆಕ್ಕದಲ್ಲಿ ನಿಮ್ಮ ಮನೆಯಲ್ಲಿ ವರ್ಷವಿಡೀ ಬೇಸಿಗೆ! ಬೇಸಿಗೆಯಲ್ಲಿ ಅದು ಮಾಡುವುದು ಎಲೆ ಬೆಳೆಸುವ ಕೆಲಸ, ಅದನ್ನೇ ಶಿಸ್ತಾಗಿ ಮಾಡುತ್ತಿದೆ.

ಮಾಡಬೇಕಾದ್ದು ಸುಲಭ, ಬೇಸರದ್ದು ಅಷ್ಟೇ. ಸಂಜೆ ಆರಕ್ಕೆ ಒಂದು ರಟ್ಟಿನ ಡಬ್ಬ ಮಗುಚಿ ಮುಚ್ಚಿ, ಬೆಳಗ್ಗೆ ಎಂಟಕ್ಕೆ ತೆಗೆದು ಕಿಟಕಿಗೆ ಇಡಿ. ಹಗಲು ಬೆಳಕು ಚೆನ್ನಾಗಿಯೇ ಬೇಕು, ದಿನವಿಡೀ ಬೀರುವಿನಲ್ಲಿ ಇಟ್ಟರೆ ಗಿಡ ಸೊರಗುತ್ತದೆ. ಡಬ್ಬಕ್ಕೆ ಕೈ ಹಿಡಿಯುವ ತೂತು ಇದ್ದರೆ ಟೇಪ್ ಹಾಕಿ. ನಡುರಾತ್ರಿ "ಮೊಗ್ಗು ಬಂತಾ" ಅಂತ ಲೈಟ್ ಹಾಕಿ ಇಣುಕಬೇಡಿ, ಸ್ವಲ್ಪ ಹೊತ್ತಿನ ಬೆಳಕೂ ಆ ಒಂದು ಉದ್ದ ರಾತ್ರಿಯನ್ನು ಎರಡು ಚಿಕ್ಕ ರಾತ್ರಿ ಮಾಡಿಬಿಡುತ್ತದೆ. ಈ ಆರು ವಾರ ನೀರು ಇನ್ನೂ ಕಡಿಮೆ, ಗೊಬ್ಬರ ಬೇಡವೇ ಬೇಡ. ಮೊಗ್ಗು ಕಣ್ಣಿಗೆ ಕಂಡ ಮೇಲೆ ಡಬ್ಬಕ್ಕೆ ರಜೆ. ಆದರೆ ಮೊಗ್ಗು ಕಂಡ ಮಾರನೇ ದಿನವೇ ಹೂವು ಅರಳಲ್ಲ, ಇನ್ನೂ ಕೆಲವು ವಾರ ಕಾಯಬೇಕು. ಸೆಖೆ ಜಾಸ್ತಿ ಇರುವ ತಿಂಗಳಲ್ಲಿ ಮಾಡಿದರೆ ಇನ್ನೂ ತಡ, ತಂಪಿನ ಕಾಲದಲ್ಲಿ ಮಾಡಿ.

ಅಂದಹಾಗೆ ನಿಮಗೆ ಉಡುಗೊರೆ ಬಂದ ಗಿಡವೂ ಹೀಗೇ ಕಪ್ಪು ಬಟ್ಟೆ ಅಡಿ ಮಲಗಿ ಎದ್ದು ಬಂದಿರುತ್ತದೆ. ಜರ್ಮನಿಯ ಪಾಟ್ಸ್‌ಡ್ಯಾಮ್‌ನ ರಾಬರ್ಟ್ ಬ್ಲಾಸ್‌ಫೆಲ್ಡ್ ಅನ್ನುವ ಬೀಜ ವ್ಯಾಪಾರಿ 1932ರಲ್ಲಿ ಇದನ್ನು ಮಾರಾಟಕ್ಕೆ ತಂದರು, ಗಿಡದ ವೈಜ್ಞಾನಿಕ ಹೆಸರಿನ ಎರಡನೇ ಭಾಗ ಬ್ಲಾಸ್‌ಫೆಲ್ಡಿಯಾನಾ ಆಗಿರುವುದು ಅದಕ್ಕೇ. ಈಗ ನರ್ಸರಿಗಳು ಕತ್ತಲೆ ಲೆಕ್ಕ ಹಾಕಿ ಯಾವ ತಿಂಗಳು ಬೇಕೋ ಆ ತಿಂಗಳು ಹೂ ಬಿಡಿಸುತ್ತಾರೆ. ಗಿಡ ಗಿಡ್ಡಗೆ ಇರಲಿ ಅಂತ ಬೆಳವಣಿಗೆ ತಡೆಯುವ ಔಷಧಿಯನ್ನೂ ಎಷ್ಟೋ ಕಡೆ ಸಿಂಪಡಿಸುತ್ತಾರೆ. ಅದರ ಅಮಲು ಇಳಿದ ಮೇಲೆ ಮನೆಯಲ್ಲಿ ಕಾಂಡ ಉದ್ದ ಆಗುವುದು ಸಹಜ, ನಿಮ್ಮ ತಪ್ಪೇನಿಲ್ಲ.

ತಾರಸಿತೋಟ:
ಡಬ್ಬ ಗಿಬ್ಬ ಏನೂ ಬೇಡ ಸ್ವಾಮಿ. ನಾನು ಎಂಟು ವರ್ಷದಿಂದ ತಾರಸಿಯಲ್ಲಿ ಸುಮ್ನೆ ಬಿಟ್ಟಿದ್ದೇನೆ, ಪ್ರತಿ ಚಳಿಗಾಲ ತಾನಾಗಿಯೇ ಹೂ ಬಿಡುತ್ತದೆ. ಗಿಡಕ್ಕೆ ಇಷ್ಟೊಂದು ಉಪಚಾರ ಯಾಕೆ?

ಹಿತ್ತಲಬಾಗಿಲು:
ನಿಮ್ಮ ತಾರಸಿಯಲ್ಲಿ ಟ್ಯೂಬ್‌ಲೈಟ್ ಇಲ್ಲ, ಅಲ್ವಾ? ಚಳಿಗಾಲದ ಉದ್ದ ರಾತ್ರಿ ಅದಕ್ಕೆ ಪುಕ್ಕಟೆ ಸಿಗುತ್ತಿದೆ. ಹೊರಗೆ ಕತ್ತಲೆ ಇರುವ ಜಾಗ ಇದ್ದರೆ ಅದೇ ಒಳ್ಳೆಯದು, ಒಪ್ಪುತ್ತೇನೆ. ಬೀದಿ ದೀಪ ನೇರ ಬೀಳುವ ಬಾಲ್ಕನಿ ಆದರೆ ಮಾತ್ರ ಕಷ್ಟ.

ಬೆಕ್ಕಿನಮನೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮನೆಯಲ್ಲಿ ಬೆಕ್ಕು ನಾಯಿ ಇದ್ದರೆ ಕಲಾಂಚೊ ಎತ್ತರದಲ್ಲಿ ಇಡಿ. ತಿಂದರೆ ವಾಂತಿ ಭೇದಿ ಆಗುತ್ತದೆ, ಜಾಸ್ತಿ ತಿಂದರೆ ಹೃದಯದ ಬಡಿತಕ್ಕೇ ಏಟು ಬೀಳಬಹುದು. ಹೂವಿನಲ್ಲೂ ವಿಷ ಇದೆ. ನಮ್ಮ ಬೆಕ್ಕು ಎಲೆ ಕಚ್ಚಿ ಅಷ್ಟರಲ್ಲೇ ಉಗಿಯಿತು, ಬಚಾವು. ಆಮೇಲೆ ಗಿಡ ಗ್ರಿಲ್‌ನ ಆಚೆ.

ಕಿಟಕಿಕುಂಡ:
ಬೆಕ್ಕು ಇಲ್ಲ, ಥ್ಯಾಂಕ್ಸ್. ಇವತ್ತು ಕುಂಡ ಬೋರಲು ಹಾಕಿ ನೋಡಿದೆ. ಮಣ್ಣು ಉಂಡೆಯಾಗಿ ಹಾಗೇ ಕೆಳಗೆ ಬಂತು, ಹಿಂಡಿದರೆ ನೀರು. ಒಂದು ಪಕ್ಕದ ಬೇರು ಬೆಳ್ಳಗಿದೆ, ಇನ್ನೊಂದು ಪಕ್ಕ ಕಂದು ಬಣ್ಣ, ಎಳೆದರೆ ಸಿಪ್ಪೆ ಕೈಗೆ ಬಂದು ಒಳಗೆ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ. ವಾಸನೆ ಬೇರೆ. ಈಗ?

ಮಣ್ಣುಕೈ:
ಕಂದು ಬೇರೆಲ್ಲ ಕತ್ತರಿಸಿ, ಬಿಳಿಯದು ಬಿಡಿ. ಒಂದೆರಡು ದಿನ ನೆರಳಲ್ಲಿ ಒಣಗಲಿ. ಹೊಸ ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು ಅಥವಾ ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರವಾದ ಬಿಳಿ ಹರಳು) ಸೇರಿಸಿ, ಕುಂಡ ದೊಡ್ಡದು ಬೇಡ, ಬೇರಿನ ಗಾತ್ರಕ್ಕೆ ಸರಿಯಾಗಿ ಸಾಕು. ಮಣ್ಣಿನ ಕುಂಡ ಇದ್ದರೆ ಇನ್ನೂ ಒಳ್ಳೆಯದು, ಬೇಗ ಒಣಗುತ್ತದೆ. ವಾಲಿದ ಕಾಂಡದ ತುದಿ ಬೆರಳುದ್ದ ಕತ್ತರಿಸಿ ಕೆಳಗಿನ ಎಲೆ ತೆಗೆದು, ಗಾಯ ಒಣಗಿ ಪೊರೆ ಕಟ್ಟುವ ತನಕ ಎರಡು ಮೂರು ದಿನ ಬಿಟ್ಟು ನೆಡಿ. ತಾಯಿ ಗಿಡ ಹೋದರೂ ಮರಿ ಉಳಿಯುತ್ತದೆ. ಕಾಡುಬಸಳೆಯೂ ಇದರ ಬಳಗವೇ, ಆದರೆ ಅದರ ಹಾಗೆ ಎಲೆ ಅಂಚಿನಲ್ಲಿ ಮರಿ ಬರಲಿ ಅಂತ ಕಾಯಬೇಡಿ, ಇದು ಹಾಗೆ ಮಾಡಲ್ಲ.

ಕಿಟಕಿಕುಂಡ:
ಸರಿ, ಐದು ತುಂಡು ಕತ್ತರಿಸಿ ಪೇಪರ್ ಮೇಲೆ ಒಣಗಲು ಇಟ್ಟಿದ್ದೇನೆ. ಡಬ್ಬ ಇವತ್ತಿಂದಲೇ ಶುರು ಮಾಡಲಾ?

ಹಿತ್ತಲಬಾಗಿಲು:
ಬೇಡ, ಬೇರಿಲ್ಲದ ಗಿಡಕ್ಕೆ ಹೂವಿನ ಚಿಂತೆ ಬೇಡ. ಹೊಸ ಚಿಗುರು ಬರಲಿ, ಆಮೇಲೆ ಮುಚ್ಚಿ. ಅಲ್ಲಿಯ ತನಕ ಟೀವಿ ಆರಾಮಾಗಿ ನೋಡಿ.